ಜಪಾನ್ ಆರೋಗ್ಯ ವಿಮೆ ಕಾಯ್ದೆ: ತಿದ್ದುಪಡಿ ಎಂದಾಕ್ಷಣ ನಗರ, ಹಳ್ಳಿಗಳ ಆಡಳಿತಕ್ಕೆ ಆತಂಕವೇಕೆ?

ದೇಶದ ಪ್ರತಿಯೊಬ್ಬ ನಿವಾಸಿಯೂ ಒಂದಲ್ಲ ಒಂದು ಆರೋಗ್ಯ ವಿಮೆಯಡಿ ಇರಬೇಕು ಎಂಬ ನಿಯಮವನ್ನು ಜಪಾನ್ 1961ರಿಂದ ಪಾಲಿಸಿಕೊಂಡು ಬಂದಿದೆ. ಆರೋಗ್ಯ ವಿಮೆಯ ಮಾತು ಬಂದಾಗಲೆಲ್ಲ ಜಗತ್ತಿನ ಹಲವು ದೇಶಗಳು ಜಪಾನ್‌ನತ್ತ ಬೆರಳು ತೋರಿಸುವುದು ಇದೇ ಕಾರಣಕ್ಕೆ. ಆದರೆ ಈ ವ್ಯವಸ್ಥೆಯ ತಳಪಾಯ ನಿಂತಿರುವುದು ರಾಜಧಾನಿಯ ಸಚಿವಾಲಯದ ಮೇಲಲ್ಲ. ಊರೂರಿನ ನಗರಸಭೆ, ಪಟ್ಟಣ ಮತ್ತು ಗ್ರಾಮ ಕಚೇರಿಗಳೇ ಅದನ್ನು ಹೊತ್ತಿವೆ.

ಕಾನೂನು ಮಾಡುವುದು ಸಂಸತ್ತು. ಜನರಿಂದ ಪ್ರೀಮಿಯಂ ವಸೂಲಿ ಮಾಡುವುದು, ಕಟ್ಟಲಾಗದವರ ಕಷ್ಟ ಕೇಳುವುದು, ಲೆಕ್ಕ ತಪ್ಪಿದರೆ ನಷ್ಟ ತುಂಬುವುದು ಸ್ಥಳೀಯ ಆಡಳಿತ. ಹೀಗಾಗಿ ರಾಷ್ಟ್ರೀಯ ಆರೋಗ್ಯ ವಿಮೆ ಕಾಯ್ದೆಗೆ ತಿದ್ದುಪಡಿ ಎಂಬ ಸುದ್ದಿ ಬಂದಾಗಲೆಲ್ಲ ಅಲ್ಲಿನ ಮೇಯರ್‌ಗಳು, ಗವರ್ನರ್‌ಗಳು ಒಟ್ಟಾಗಿ ದನಿ ಎತ್ತುತ್ತಾರೆ. ಈ ಕಾಯ್ದೆ ಏನು, ಅದು ಹೇಗೆ ಬದಲಾಯಿತು, ಸ್ಥಳೀಯ ಆಡಳಿತಗಳ ಆತಂಕವೇನು, ಅದರಲ್ಲಿ ಎಷ್ಟು ನಿಜವಾಯಿತು ಎಂಬುದರ ವಿವರ ಇಲ್ಲಿದೆ.

ಏನಿದು 'ಕೊಕುಹೊ'?

ಜಪಾನ್‌ನ ಆರೋಗ್ಯ ವಿಮೆ ಒಂದೇ ಯೋಜನೆಯಲ್ಲ, ಹಲವು ಯೋಜನೆಗಳ ಜೋಡಣೆ. ದೊಡ್ಡ ಕಂಪನಿಗಳ ನೌಕರರಿಗೆ ಅವರದೇ ಆರೋಗ್ಯ ವಿಮಾ ಸಂಘಗಳಿವೆ. ಸಣ್ಣ ಮತ್ತು ಮಧ್ಯಮ ಕಂಪನಿಗಳ ನೌಕರರು 'ಕ್ಯೋಕಾಯ್ ಕೆಂಪೊ' ಎಂಬ ರಾಷ್ಟ್ರಮಟ್ಟದ ವಿಮೆಯಲ್ಲಿರುತ್ತಾರೆ. ಸರ್ಕಾರಿ ನೌಕರರಿಗೆ ಪರಸ್ಪರ ಸಹಾಯ ಸಂಘಗಳಿವೆ. 75 ವರ್ಷ ದಾಟಿದವರಿಗೆ 2008ರಿಂದ ಪ್ರತ್ಯೇಕ ವ್ಯವಸ್ಥೆಯಿದೆ.

ಇವ್ಯಾವುದರಲ್ಲೂ ಸೇರದೆ ಉಳಿದವರೆಲ್ಲ ಬರುವುದು ರಾಷ್ಟ್ರೀಯ ಆರೋಗ್ಯ ವಿಮೆಗೆ. ಜಪಾನಿ ಭಾಷೆಯಲ್ಲಿ ಇದರ ಮೊಟಕು ಹೆಸರು 'ಕೊಕುಹೊ'. ರೈತರು, ಮೀನುಗಾರರು, ಅಂಗಡಿ ಮಾಲೀಕರು, ಸ್ವಂತ ಉದ್ಯೋಗಿಗಳು, ಕಂಪನಿ ವಿಮೆ ಸಿಗದ ಅರೆಕಾಲಿಕ ಕೆಲಸಗಾರರು, ಕೆಲಸ ಕಳೆದುಕೊಂಡವರು, 75 ತುಂಬದ ನಿವೃತ್ತರು, ವಿದ್ಯಾರ್ಥಿಗಳು ಇದರ ಸದಸ್ಯರು. 2020ರ ದಶಕದ ಆರಂಭದಲ್ಲಿ ಸ್ಥಳೀಯ ಆಡಳಿತಗಳ ಕೊಕುಹೊದಲ್ಲಿ ಇದ್ದವರ ಸಂಖ್ಯೆ ಸುಮಾರು 2.5 ಕೋಟಿ. ಅಂದರೆ ದೇಶದ ಐವರಲ್ಲಿ ಒಬ್ಬರು.

ಮೂರು ತಿಂಗಳಿಗಿಂತ ಹೆಚ್ಚು ಕಾಲ ಜಪಾನ್‌ನಲ್ಲಿ ನೆಲೆಸುವ ವಿದೇಶಿಯರೂ ಬೇರೆ ವಿಮೆ ಇಲ್ಲದಿದ್ದರೆ ಇದಕ್ಕೆ ಸೇರಬೇಕು. ಓದಲು ಹೋಗುವ ಭಾರತೀಯ ವಿದ್ಯಾರ್ಥಿಗಳು ಸಾಮಾನ್ಯವಾಗಿ ಬರುವುದು ಇದೇ ವಿಮೆಯಡಿ. ಅಲ್ಲಿನ ಐಟಿ ಕಂಪನಿಗಳಲ್ಲಿ ದುಡಿಯುವ ಕನ್ನಡಿಗರೂ ಸೇರಿದಂತೆ ಭಾರತೀಯ ನೌಕರರಿಗೆ ಕಂಪನಿಯ ವಿಮೆ ಇರುತ್ತದೆ. ಕೆಲಸ ಬಿಟ್ಟರೆ ಅವರೂ ವಾಸವಿರುವ ಊರಿನ ಅಥವಾ ವಾರ್ಡ್‌ನ ಕಚೇರಿಗೆ ಹೋಗಿ ಕೊಕುಹೊಗೆ ಹೆಸರು ಬರೆಸಬೇಕಾಗುತ್ತದೆ.

ಆಸ್ಪತ್ರೆಯಲ್ಲಿ ಸದಸ್ಯರು ಸಾಮಾನ್ಯವಾಗಿ ಬಿಲ್‌ನ ಶೇ 30ರಷ್ಟನ್ನು ಕೈಯಿಂದ ಕಟ್ಟುತ್ತಾರೆ. ಶಾಲೆಗೆ ಸೇರದ ಮಕ್ಕಳಿಗೆ ಇದು ಶೇ 20. ಉಳಿದದ್ದನ್ನು ವಿಮೆ ಭರಿಸುತ್ತದೆ. ತಿಂಗಳಿಗೆ ಇಷ್ಟಕ್ಕಿಂತ ಹೆಚ್ಚು ಕಟ್ಟುವಂತಿಲ್ಲ ಎಂಬ ಮಿತಿಯೂ ಆದಾಯಕ್ಕೆ ತಕ್ಕಂತೆ ಇದೆ.

ಅಕ್ಕಿ ಕೊಟ್ಟು ವೈದ್ಯರನ್ನು ಉಳಿಸಿಕೊಂಡ ಹಳ್ಳಿಗಳು

ಜಪಾನ್‌ನಲ್ಲಿ ಕಾರ್ಖಾನೆ ಕಾರ್ಮಿಕರಿಗಾಗಿ ಆರೋಗ್ಯ ವಿಮೆ ಕಾಯ್ದೆ ಬಂದದ್ದು 1922ರಲ್ಲಿ. 1923ರ ಮಹಾ ಭೂಕಂಪದಿಂದಾಗಿ ಅದರ ಜಾರಿ ವಿಳಂಬವಾಗಿ, 1927ರಲ್ಲಿ ವಿಮಾ ಸೌಲಭ್ಯ ಶುರುವಾಯಿತು. ರೈತರಿಗೆ ಅದರಲ್ಲಿ ಜಾಗವಿರಲಿಲ್ಲ.

ಹಳ್ಳಿಗರು ಮಾತ್ರ ತಮ್ಮದೇ ದಾರಿ ಕಂಡುಕೊಂಡಿದ್ದರು. ಫುಕುಒಕ ಪ್ರಾಂತದ ಮುನಕತ ಪ್ರದೇಶದಲ್ಲಿ 'ಜೋರೆಯ್' ಎಂಬ ಪದ್ಧತಿ ಹಿಂದಿನಿಂದಲೂ ಇತ್ತು. ಮನೆಯ ಸ್ಥಿತಿಗತಿಗೆ ತಕ್ಕಂತೆ ಪ್ರತಿ ಕುಟುಂಬವೂ ಅಕ್ಕಿ ಕೊಡುವುದು, ಅದರಿಂದ ಊರಿಗೊಬ್ಬ ವೈದ್ಯರನ್ನು ಉಳಿಸಿಕೊಳ್ಳುವುದು, ಕಾಯಿಲೆ ಬಿದ್ದವರಿಗೆ ಚಿಕಿತ್ಸೆ ಸಿಗುವಂತೆ ನೋಡಿಕೊಳ್ಳುವುದು ಇದರ ಕ್ರಮ. ಇಂಥ ಪದ್ಧತಿಗಳೇ ಮುಂದಿನ ಕಾನೂನಿಗೆ ಮಾದರಿಯಾದವು.

ಮೊದಲ ರಾಷ್ಟ್ರೀಯ ಆರೋಗ್ಯ ವಿಮೆ ಕಾಯ್ದೆ ಪ್ರಕಟವಾದದ್ದು 1938ರ ಏಪ್ರಿಲ್‌ನಲ್ಲಿ. ಆಗ ಅದು ಐಚ್ಛಿಕ. ಊರಿನವರು ಸಂಘ ಕಟ್ಟಿಕೊಂಡು ನಡೆಸಬಹುದಿತ್ತು. ಯುದ್ಧ ಮುಗಿಯುವ ಹೊತ್ತಿಗೆ ಹಲವು ಸಂಘಗಳು ಕುಸಿದು ಬಿದ್ದಿದ್ದವು. 1948ರ ತಿದ್ದುಪಡಿ ಈ ಹೊಣೆಯನ್ನು ತಾತ್ವಿಕವಾಗಿ ನಗರ, ಪಟ್ಟಣ, ಗ್ರಾಮ ಆಡಳಿತಗಳಿಗೇ ಒಪ್ಪಿಸಿತು.

ಆದರೂ 1950ರ ದಶಕದ ಮಧ್ಯದಲ್ಲಿ ಸುಮಾರು 3 ಕೋಟಿ ಜನ, ಅಂದರೆ ಜನಸಂಖ್ಯೆಯ ಮೂರನೇ ಒಂದು ಭಾಗದಷ್ಟು ಮಂದಿ ಯಾವ ವಿಮೆಯೂ ಇಲ್ಲದೆ ಉಳಿದಿದ್ದರು. 1958ರ ಡಿಸೆಂಬರ್‌ನಲ್ಲಿ ಹೊಸ ಕಾಯ್ದೆ ಬಂತು. 1961ರ ಏಪ್ರಿಲ್‌ ವೇಳೆಗೆ ಪ್ರತಿಯೊಂದು ಸ್ಥಳೀಯ ಆಡಳಿತವೂ ಕೊಕುಹೊ ನಡೆಸಲೇಬೇಕು ಎಂದು ಅದು ವಿಧಿಸಿತು. ಇಂದಿಗೂ ಜಾರಿಯಲ್ಲಿರುವುದು ಇದೇ ಕಾಯ್ದೆ, ಹಲವು ತಿದ್ದುಪಡಿಗಳೊಂದಿಗೆ.

ಕಾಯ್ದೆಗೆ ಸವಾಲು ಹಾಕಿದ ಸವಾಉಚಿ ಗ್ರಾಮ

ಕೇಂದ್ರದ ಕಾಯ್ದೆ ಮತ್ತು ಊರಿನ ಅಗತ್ಯ ಎದುರುಬದುರಾದ ಮೊದಲ ದೊಡ್ಡ ಪ್ರಕರಣ ನಡೆದದ್ದು ಉತ್ತರ ಜಪಾನ್‌ನ ಇವಾತೆ ಪ್ರಾಂತದ ಸವಾಉಚಿ ಎಂಬ ಗುಡ್ಡಗಾಡು ಗ್ರಾಮದಲ್ಲಿ. ಚಳಿಗಾಲದಲ್ಲಿ ಆಳೆತ್ತರದ ಹಿಮ, ಬಡತನ, ಕಾಯಿಲೆ ಮೂರೂ ಅಲ್ಲಿದ್ದವು. 1950ರ ದಶಕದಲ್ಲಿ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ ಸುಮಾರು 70 ಶಿಶುಗಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು.

1957ರಲ್ಲಿ ಗ್ರಾಮದ ಮುಖ್ಯಸ್ಥರಾದ ಫುಕಸವ ಮಸಾಒ ಜನರ ಜೀವ ಉಳಿಸುವುದೇ ಆಡಳಿತದ ಮೊದಲ ಕೆಲಸ ಎಂದು ನಿರ್ಧರಿಸಿದರು. ರಸ್ತೆಯ ಹಿಮ ತೆಗೆಯಲು ಬುಲ್ಡೋಜರ್ ತರಿಸಿದರು. ಮನೆಮನೆಗೆ ಹೋಗುವ ಆರೋಗ್ಯ ಸಹಾಯಕಿಯರನ್ನು ನೇಮಿಸಿದರು. 1960ರ ಕೊನೆಯಲ್ಲಿ 65 ದಾಟಿದವರಿಗೆ ಹೊರರೋಗಿ ಚಿಕಿತ್ಸೆ ಉಚಿತವಾಯಿತು. ಮರುವರ್ಷ 60 ದಾಟಿದವರಿಗೂ ಒಂದು ವರ್ಷದೊಳಗಿನ ಶಿಶುಗಳಿಗೂ ಅದು ವಿಸ್ತರಿಸಿತು.

ಆಗ ಕೊಕುಹೊ ನಿಯಮದಂತೆ ರೋಗಿ ಅರ್ಧದಷ್ಟು ಬಿಲ್ ಕಟ್ಟಬೇಕಿತ್ತು. ಅದನ್ನು ಪೂರ್ತಿ ಮನ್ನಾ ಮಾಡುವುದು ಕಾಯ್ದೆಗೆ ವಿರುದ್ಧವಾಗಬಹುದು ಎಂದು ಪ್ರಾಂತ ಸರ್ಕಾರ ಎಚ್ಚರಿಸಿತು. ಫುಕಸವ ಅವರ ನಿಲುವು ಸರಳವಾಗಿತ್ತು. ವಿಮೆ ಕಾಯ್ದೆಗೆ ವಿರುದ್ಧವಾದರೂ ಸಂವಿಧಾನಕ್ಕೆ ವಿರುದ್ಧವಲ್ಲ, ಏಕೆಂದರೆ ಆರೋಗ್ಯಕರ ಬದುಕಿನ ಹಕ್ಕನ್ನು ಸಂವಿಧಾನದ 25ನೇ ವಿಧಿಯೇ ಕೊಟ್ಟಿದೆ. ಕೇಂದ್ರ ಮಾಡದಿದ್ದರೆ ಗ್ರಾಮವೇ ಮಾಡುತ್ತದೆ, ಕೇಂದ್ರ ಹಿಂದಿನಿಂದ ಬಂದೇ ಬರುತ್ತದೆ ಎಂಬುದು ಅವರ ವಾದ.

1962ರಲ್ಲಿ ಸವಾಉಚಿಯಲ್ಲಿ ಒಂದೇ ಒಂದು ಶಿಶುವೂ ಸಾಯಲಿಲ್ಲ. ಜಪಾನ್‌ನ ಯಾವ ಸ್ಥಳೀಯ ಆಡಳಿತವೂ ಅದುವರೆಗೆ ಇಂಥ ಸಾಧನೆ ಮಾಡಿರಲಿಲ್ಲ. ಫುಕಸವ 1965ರಲ್ಲಿ ತೀರಿಕೊಂಡರು. 1969ರಲ್ಲಿ ಟೋಕಿಯೊ ಮತ್ತು ಅಕಿತ ಆಡಳಿತಗಳು ವೃದ್ಧರ ವೈದ್ಯಕೀಯ ಖರ್ಚಿಗೆ ನೆರವು ಶುರು ಮಾಡಿದವು. 1973ರಲ್ಲಿ ಕೇಂದ್ರ ಸರ್ಕಾರವೇ 70 ದಾಟಿದವರ ಚಿಕಿತ್ಸೆಯನ್ನು ದೇಶದಾದ್ಯಂತ ಉಚಿತಗೊಳಿಸಿತು. ಕೇಂದ್ರ ಹಿಂದಿನಿಂದ ಬರುತ್ತದೆ ಎಂಬ ಮಾತು ನಿಜವಾಗಿತ್ತು.

ಅನುದಾನ ಕಡಿತ: ಅಪನಂಬಿಕೆಯ ಬೀಜ

ಉಚಿತ ಚಿಕಿತ್ಸೆಯ ಖರ್ಚು ಬೇಗನೆ ಏರಿತು. 1973ರ ತೈಲ ಬಿಕ್ಕಟ್ಟಿನ ನಂತರ ಆರ್ಥಿಕ ಬೆಳವಣಿಗೆ ನಿಧಾನವಾಯಿತು. 1982ರಲ್ಲಿ ಬಂದ ವೃದ್ಧರ ಆರೋಗ್ಯ ಕಾಯ್ದೆ 1983ರಿಂದ ವೃದ್ಧರಿಗೂ ಸಣ್ಣ ಶುಲ್ಕ ವಿಧಿಸಿ ಪೂರ್ಣ ಉಚಿತ ವ್ಯವಸ್ಥೆಗೆ ತೆರೆ ಎಳೆಯಿತು.

ಮರುವರ್ಷವೇ ಸ್ಥಳೀಯ ಆಡಳಿತಗಳಿಗೆ ದೊಡ್ಡ ಹೊಡೆತ ಬಿತ್ತು. ಕೊಕುಹೊಗೆ ಕೇಂದ್ರ ಕೊಡುತ್ತಿದ್ದ ಪಾಲು ಅದುವರೆಗೆ ಒಟ್ಟು ವೈದ್ಯಕೀಯ ವೆಚ್ಚದ ಶೇ 45ರಷ್ಟಿತ್ತು. 1984ರ ಸುಧಾರಣೆ ಅದನ್ನು ಶೇ 38.5ಕ್ಕೆ ಇಳಿಸಿತು. ನಿವೃತ್ತ ನೌಕರರ ಚಿಕಿತ್ಸಾ ವೆಚ್ಚವನ್ನು ಕಂಪನಿ ವಿಮೆಗಳು ಹಂಚಿಕೊಳ್ಳುತ್ತವೆ, ಹಾಗಾಗಿ ಕೊಕುಹೊ ಭಾರ ಇಳಿಯುತ್ತದೆ ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಹಲವು ಊರುಗಳಲ್ಲಿ ಪ್ರೀಮಿಯಂ ಏರಿತು. ಕೇಂದ್ರ ಭರವಸೆ ಕೊಡುತ್ತದೆ, ನಂತರ ಹಣ ಕಡಿಮೆ ಮಾಡುತ್ತದೆ ಎಂಬ ಮಾತು ಮೇಯರ್‌ಗಳ ಮನಸ್ಸಿನಲ್ಲಿ ಬೇರೂರಿದ್ದು ಆಗಿನಿಂದ.

ಈ ಅಪನಂಬಿಕೆ 1990ರ ದಶಕದಲ್ಲಿ ಮತ್ತೆ ಕಾಣಿಸಿತು. ವೃದ್ಧರ ಆರೈಕೆಗಾಗಿ ಹೊಸ ವಿಮೆ ತರಲು ಕೇಂದ್ರ ಹೊರಟಾಗ ಅದನ್ನು ನಡೆಸುವ ಹೊಣೆ ಮತ್ತೆ ಸ್ಥಳೀಯ ಆಡಳಿತಗಳಿಗೆ ಬಂತು. 'ಇದು ಎರಡನೇ ಕೊಕುಹೊ ಆಗುತ್ತದೆ' ಎಂದು ಮೇಯರ್‌ಗಳು ವಿರೋಧಿಸಿದರು. ಅಂದರೆ ಸದಾ ನಷ್ಟದಲ್ಲಿರುವ, ವಸೂಲಿಯೇ ತಲೆನೋವಾದ ಇನ್ನೊಂದು ಖಾತೆ ಎಂದರ್ಥ. 1997ರಲ್ಲಿ ಕಾಯ್ದೆ ಅಂಗೀಕಾರವಾಗಿ 2000ದಲ್ಲಿ ಜಾರಿಯಾಗುವ ಹೊತ್ತಿಗೆ ನಷ್ಟವಾದರೆ ಸಾಲ ಕೊಡುವ ನಿಧಿ, ಪ್ರಾಂತ ಮತ್ತು ಕೇಂದ್ರದ ಪಾಲು ಮುಂತಾದ ರಕ್ಷಣೆಗಳನ್ನು ಅದರಲ್ಲಿ ಸೇರಿಸಲಾಗಿತ್ತು.

2008ರ ಏಪ್ರಿಲ್‌ನಲ್ಲಿ 75 ದಾಟಿದವರನ್ನು ಕೊಕುಹೊದಿಂದ ಬೇರ್ಪಡಿಸಲಾಯಿತು. 47 ಪ್ರಾಂತಗಳಲ್ಲೂ ಊರುಗಳೆಲ್ಲ ಸೇರಿ ಒಂದೊಂದು ಒಕ್ಕೂಟ ರಚಿಸಿ ಅವರ ವಿಮೆ ನಡೆಸಬೇಕಾಯಿತು. 'ಅಂತಿಮ ಹಂತದ ವೃದ್ಧರು' ಎಂಬ ಅರ್ಥ ಬರುವ ಹೆಸರು, ಪಿಂಚಣಿಯಿಂದಲೇ ಪ್ರೀಮಿಯಂ ಮುರಿದುಕೊಳ್ಳುವ ನಿಯಮ ವೃದ್ಧರನ್ನು ಕೆರಳಿಸಿದವು. ಕಾಯ್ದೆ ಮಾಡಿದ್ದು ಟೋಕಿಯೊದಲ್ಲಿ, ಬೈಗುಳ ಕೇಳಿದ್ದು ಊರಿನ ಕೌಂಟರ್‌ನಲ್ಲಿ ಕೂತ ಗುಮಾಸ್ತರು.

ಮೂಲ ಸಮಸ್ಯೆ ಏನು?

ಸ್ಥಳೀಯ ಆಡಳಿತಗಳು ಮತ್ತೆ ಮತ್ತೆ ಹೇಳುವ ಮಾತು ಒಂದೇ: ಕೊಕುಹೊದ ನಷ್ಟ ಕೆಟ್ಟ ಆಡಳಿತದಿಂದ ಬಂದದ್ದಲ್ಲ, ಅದರ ರಚನೆಯಿಂದಲೇ ಬಂದದ್ದು.

1965ರಲ್ಲಿ ಕೊಕುಹೊ ಕುಟುಂಬಗಳಲ್ಲಿ ಕೃಷಿ, ಅರಣ್ಯ ಮತ್ತು ಮೀನುಗಾರಿಕೆಯವರು ಸುಮಾರು ಶೇ 42, ಸ್ವಂತ ಉದ್ಯೋಗಿಗಳು ಸುಮಾರು ಶೇ 25. ಕೆಲಸವಿಲ್ಲದವರು ಶೇ 7ರ ಆಸುಪಾಸು. ಈಗ ಕೃಷಿಕರ ಪಾಲು ಶೇ 2-3ಕ್ಕೆ ಇಳಿದಿದೆ. ಕೆಲಸವಿಲ್ಲದವರದು, ಮುಖ್ಯವಾಗಿ ನಿವೃತ್ತರದು, ಶೇ 40 ದಾಟಿದೆ. ಮೂರನೇ ಒಂದರಷ್ಟು ಮಂದಿ ಕಂಪನಿ ವಿಮೆಗೆ ಅರ್ಹರಾಗದ ನೌಕರರು. ಕೃಷಿಕರಿಗಾಗಿ ಕಟ್ಟಿದ ಮನೆಯಲ್ಲಿ ಈಗ ನಿವೃತ್ತರು ಮತ್ತು ಅರೆಕಾಲಿಕ ಕೆಲಸಗಾರರು ವಾಸವಾಗಿದ್ದಾರೆ.

ಇದರ ಪರಿಣಾಮ ಮೂರು:

* ಸದಸ್ಯರ ಸರಾಸರಿ ವಯಸ್ಸು 50 ದಾಟಿದೆ. ದೊಡ್ಡ ಕಂಪನಿಗಳ ವಿಮೆಯಲ್ಲಿ ಅದು 35ರ ಆಸುಪಾಸು.
* ವಯಸ್ಸು ಹೆಚ್ಚಾದ್ದರಿಂದ ತಲಾ ವೈದ್ಯಕೀಯ ವೆಚ್ಚ ಕಂಪನಿ ವಿಮೆಗಳ ಸುಮಾರು ಎರಡು ಪಟ್ಟು.
* ಆದಾಯ ಕಡಿಮೆ, ಪ್ರೀಮಿಯಂ ಹೊರೆ ಹೆಚ್ಚು. 2015ರ ತಿದ್ದುಪಡಿಯ ಚರ್ಚೆಯ ಹೊತ್ತಿನ ಲೆಕ್ಕದಂತೆ ಕೊಕುಹೊ ಪ್ರೀಮಿಯಂ ಸದಸ್ಯರ ಆದಾಯದ ಸುಮಾರು ಶೇ 10. ಕ್ಯೋಕಾಯ್ ಕೆಂಪೊದಲ್ಲಿ ಅದು ಸುಮಾರು ಶೇ 7.5.

ಬಡವರು ಹೆಚ್ಚು ದರದ ಪ್ರೀಮಿಯಂ ಕಟ್ಟುತ್ತಾರೆ, ಸ್ಥಿತಿವಂತರು ಕಡಿಮೆ ದರದ್ದು. ಕಂಪನಿ ವಿಮೆಯಲ್ಲಿ ಅರ್ಧ ಪ್ರೀಮಿಯಂ ಮಾಲೀಕರು ಕಟ್ಟುತ್ತಾರೆ. ಕೊಕುಹೊದಲ್ಲಿ ಅಂಥ ಮಾಲೀಕರಿಲ್ಲ.

ಸಣ್ಣ ಊರುಗಳ ಕಷ್ಟ ಇನ್ನೂ ಬೇರೆ. 2018ಕ್ಕೆ ಮೊದಲು ಪ್ರತಿಯೊಂದು ಊರೂ ತನ್ನದೇ ವಿಮಾ ಖಾತೆ ನಡೆಸುತ್ತಿತ್ತು. 1,700ಕ್ಕೂ ಹೆಚ್ಚು ಖಾತೆಗಳಲ್ಲಿ ನಾಲ್ಕರಲ್ಲೊಂದರಲ್ಲಿ 3,000ಕ್ಕಿಂತ ಕಡಿಮೆ ಸದಸ್ಯರಿದ್ದರು. ಡಯಾಲಿಸಿಸ್‌ಗೆ ಒಬ್ಬ ರೋಗಿಗೆ ವರ್ಷಕ್ಕೆ ಸುಮಾರು 50 ಲಕ್ಷ ಯೆನ್ ಬೇಕು. ಸಾವಿರ ಸದಸ್ಯರ ಗ್ರಾಮದಲ್ಲಿ ಒಬ್ಬರಿಗೆ ಡಯಾಲಿಸಿಸ್ ಶುರುವಾದರೆ ತಲಾ 5,000 ಯೆನ್ ಹೆಚ್ಚುವರಿ ವೆಚ್ಚ. 10 ಲಕ್ಷ ಸದಸ್ಯರಿದ್ದರೆ ತಲಾ 5 ಯೆನ್. ಸರ್ಕಾರಿ ಪಾಲು ಮತ್ತು ಹಂಚಿಕೆ ನಿಧಿಗಳು ಇದನ್ನು ಸ್ವಲ್ಪ ತಗ್ಗಿಸುತ್ತವೆ. ಆದರೂ ಒಬ್ಬರ ಕಾಯಿಲೆ ಇಡೀ ಗ್ರಾಮದ ಬಜೆಟ್ ಅಲುಗಾಡಿಸುವ ಸ್ಥಿತಿ ಅಲ್ಲಿತ್ತು.

2015ರ ತಿದ್ದುಪಡಿ: ಗವರ್ನರ್‌ಗಳ ಷರತ್ತು

ಇದಕ್ಕೆ ಪರಿಹಾರವಾಗಿ ಕೇಂದ್ರ ಮುಂದಿಟ್ಟ ಸಲಹೆ, ಕೊಕುಹೊದ ಹಣಕಾಸು ಹೊಣೆಯನ್ನು ಊರುಗಳಿಂದ ಪ್ರಾಂತಗಳಿಗೆ ವರ್ಗಾಯಿಸುವುದು. ಸಣ್ಣ ಊರುಗಳ ಮೇಯರ್‌ಗಳು ಬಹುಕಾಲದಿಂದ ಕೇಳುತ್ತಿದ್ದುದೂ ಇದನ್ನೇ. ಆದರೆ ಗವರ್ನರ್‌ಗಳು ತಕ್ಷಣ ಒಪ್ಪಲಿಲ್ಲ. ನಷ್ಟದ ಮೂಲ ಸರಿಪಡಿಸದೆ ಖಾತೆಯನ್ನು ಮಾತ್ರ ತಮ್ಮ ಹೆಗಲಿಗೆ ಹಾಕಿದರೆ ಊರಿನ ನಷ್ಟ ಪ್ರಾಂತದ ನಷ್ಟವಾಗುತ್ತದೆ ಅಷ್ಟೇ ಎಂಬುದು ಅವರ ಆಕ್ಷೇಪ.

ಕೊಕುಹೊ ಪ್ರೀಮಿಯಂ ಹೊರೆಯನ್ನು ಕ್ಯೋಕಾಯ್ ಕೆಂಪೊ ಮಟ್ಟಕ್ಕೆ ಇಳಿಸಲು ಸುಮಾರು 1 ಲಕ್ಷ ಕೋಟಿ ಯೆನ್ ಸಾರ್ವಜನಿಕ ಹಣ ಬೇಕು ಎಂದು ರಾಷ್ಟ್ರೀಯ ಗವರ್ನರ್‌ಗಳ ಸಂಘ 2014ರಲ್ಲಿ ಲೆಕ್ಕ ಮುಂದಿಟ್ಟಿತು. ಆರೋಗ್ಯ ಸಚಿವಾಲಯ, ಗವರ್ನರ್‌ಗಳು, ನಗರ ಮೇಯರ್‌ಗಳು ಮತ್ತು ಪಟ್ಟಣ-ಗ್ರಾಮಗಳ ಸಂಘಗಳ ನಡುವೆ ಒಂದು ವರ್ಷಕ್ಕೂ ಹೆಚ್ಚು ಕಾಲ ಮಾತುಕತೆ ನಡೆದು 2015ರ ಫೆಬ್ರುವರಿಯಲ್ಲಿ ಒಪ್ಪಂದವಾಯಿತು. ಮೇ ತಿಂಗಳಲ್ಲಿ ಸಂಸತ್ತು ತಿದ್ದುಪಡಿಯನ್ನು ಅಂಗೀಕರಿಸಿತು.

ಕೇಂದ್ರ ಒಪ್ಪಿದ್ದು ವರ್ಷಕ್ಕೆ 34,000 ಕೋಟಿ ಯೆನ್ ಹೆಚ್ಚುವರಿ ನೆರವು. ಗವರ್ನರ್‌ಗಳು ಕೇಳಿದ್ದರ ಮೂರನೇ ಒಂದು ಭಾಗ. ಅದರಲ್ಲಿ ಅರ್ಧ 2015ರಿಂದ, ಇನ್ನರ್ಧ 2018ರಿಂದ. ಮೊದಲ ಅರ್ಧಕ್ಕೆ ಬಳಕೆ ತೆರಿಗೆ ಏರಿಕೆಯ ಹಣ. ಎರಡನೇ ಅರ್ಧಕ್ಕೆ, ವೃದ್ಧರ ಚಿಕಿತ್ಸೆಗಾಗಿ ದೊಡ್ಡ ಕಂಪನಿಗಳ ವಿಮಾ ಸಂಘಗಳು ಹೆಚ್ಚು ಪಾಲು ಕೊಡುವಂತೆ ಮಾಡಿದ್ದರಿಂದ ಕೇಂದ್ರಕ್ಕೆ ಉಳಿದ ಹಣ. ಜತೆಗೆ, ಅನಿರೀಕ್ಷಿತ ನಷ್ಟವಾದರೆ ಸಾಲ ಅಥವಾ ನೆರವು ನೀಡಲು 20,000 ಕೋಟಿ ಯೆನ್ ಗುರಿಯ ಸ್ಥಿರೀಕರಣ ನಿಧಿ.

2018ರ ಏಪ್ರಿಲ್‌ನಿಂದ ಕೆಲಸ ಹೀಗೆ ಹಂಚಿಕೆಯಾಗಿದೆ:

* ಪ್ರಾಂತ: ಇಡೀ ಪ್ರಾಂತದ ವೈದ್ಯಕೀಯ ವೆಚ್ಚ ಅಂದಾಜಿಸುತ್ತದೆ, ಪ್ರತಿ ಊರು ಕಟ್ಟಬೇಕಾದ ಪಾಲನ್ನು ನಿಗದಿ ಮಾಡುತ್ತದೆ, ಮಾದರಿ ಪ್ರೀಮಿಯಂ ದರ ಪ್ರಕಟಿಸುತ್ತದೆ, ಚಿಕಿತ್ಸೆಯ ಪೂರ್ತಿ ಹಣವನ್ನು ಊರುಗಳಿಗೆ ಕೊಡುತ್ತದೆ.
* ಊರು: ಸದಸ್ಯರ ನೋಂದಣಿ, ಪ್ರೀಮಿಯಂ ದರ ನಿರ್ಧಾರ, ವಸೂಲಿ, ಆರೋಗ್ಯ ತಪಾಸಣೆ ನಡೆಸುತ್ತದೆ.
* ಕೇಂದ್ರ: ನಿಯಮ ರೂಪಿಸುತ್ತದೆ. ಚಿಕಿತ್ಸಾ ವೆಚ್ಚದ ಅರ್ಧ ಪ್ರೀಮಿಯಂ, ಅರ್ಧ ಸಾರ್ವಜನಿಕ ಹಣ ಎಂಬ ತತ್ವದಡಿ ಶೇ 41 ಕೇಂದ್ರದ್ದು, ಶೇ 9 ಪ್ರಾಂತದ್ದು.

ಮೇಯರ್‌ಗಳ ಹೊಸ ಆತಂಕ

ಹೊಸ ವ್ಯವಸ್ಥೆಯಿಂದ ಸಣ್ಣ ಊರುಗಳಿಗೆ ನೆಮ್ಮದಿ ಸಿಕ್ಕಿದ್ದು ನಿಜ. ಒಬ್ಬರ ದುಬಾರಿ ಚಿಕಿತ್ಸೆಯಿಂದ ಈಗ ಖಾತೆ ಖಾಲಿಯಾಗುವುದಿಲ್ಲ. ಆದರೆ ಬೇರೆ ಚಿಂತೆಗಳು ಬಂದವು.

ಮೊದಲನೆಯದು, ಊರಿನ ಸ್ವಂತ ನೆರವಿಗೆ ಕಡಿವಾಣ. ಅನೇಕ ನಗರಗಳು ಪ್ರೀಮಿಯಂ ಏರದಂತೆ ತಮ್ಮ ಸಾಮಾನ್ಯ ಬಜೆಟ್‌ನಿಂದ ಕೊಕುಹೊ ಖಾತೆಗೆ ಹಣ ಹಾಕುತ್ತಿದ್ದವು. ದೇಶದಾದ್ಯಂತ ಇದು ವರ್ಷಕ್ಕೆ 30,000 ಕೋಟಿ ಯೆನ್ ಮೀರುತ್ತಿತ್ತು. ಕಂಪನಿ ವಿಮೆಯಲ್ಲಿರುವವರ ತೆರಿಗೆ ಹಣದಿಂದ ಕೊಕುಹೊ ನಷ್ಟ ತುಂಬುವುದು ಸರಿಯಲ್ಲ ಎಂದು ಕೇಂದ್ರ ಇದನ್ನು ನಿಲ್ಲಿಸಲು ಹೇಳಿತು. ನಿಲ್ಲಿಸಿದರೆ ಆ ಹಣ ಬರಬೇಕಾದದ್ದು ಪ್ರೀಮಿಯಂನಿಂದ, ಅಂದರೆ ಬಡ ಸದಸ್ಯರ ಜೇಬಿನಿಂದ ಎಂಬುದು ಮೇಯರ್‌ಗಳ ಉತ್ತರ. ದಿಢೀರ್ ಏರಿಕೆ ತಡೆಯಲು ಕೆಲವು ವರ್ಷಗಳ ಮಟ್ಟಿಗೆ ವಿಶೇಷ ರಿಯಾಯಿತಿ ನೀಡಲಾಯಿತು.

ಎರಡನೆಯದು, ಅಂಕ ಪದ್ಧತಿ. ಆರೋಗ್ಯ ತಪಾಸಣೆ, ವಸೂಲಿ, ವೆಚ್ಚ ನಿಯಂತ್ರಣದಲ್ಲಿ ಊರುಗಳ ಸಾಧನೆಗೆ ಅಂಕ ಕೊಟ್ಟು ಅದರಂತೆ ಅನುದಾನ ಹಂಚಲಾಗುತ್ತದೆ. 2020ರಿಂದ ಕೆಲವು ವಿಷಯಗಳಲ್ಲಿ ಅಂಕ ಕಳೆಯುವುದೂ ಶುರುವಾಯಿತು. ಸಿಬ್ಬಂದಿ ಇಲ್ಲದ ಗುಡ್ಡಗಾಡು ಪಟ್ಟಣ ದೊಡ್ಡ ನಗರದ ಜತೆ ಸ್ಪರ್ಧಿಸುವುದು ಹೇಗೆ ಎಂಬ ಪ್ರಶ್ನೆ ಸಹಜವಾಗಿ ಎದ್ದಿತು.

ಮೂರನೆಯದು, ಪ್ರಾಂತಕ್ಕೊಂದೇ ಪ್ರೀಮಿಯಂ. ಒಂದೇ ಪ್ರಾಂತದಲ್ಲಿ ಒಂದೇ ಆದಾಯದ, ಒಂದೇ ಗಾತ್ರದ ಕುಟುಂಬ ಎಲ್ಲಿದ್ದರೂ ಒಂದೇ ಮೊತ್ತ ಕಟ್ಟಬೇಕು ಎಂಬುದು ಗುರಿ. ಒಸಾಕ ಮತ್ತು ನಾರ ಪ್ರಾಂತಗಳು 2024ರಲ್ಲಿ ಇದನ್ನು ಪೂರ್ಣವಾಗಿ ಜಾರಿಗೆ ತಂದವು. ನ್ಯಾಯದ ದೃಷ್ಟಿಯಿಂದ ಇದು ಸರಿ ಎನಿಸುತ್ತದೆ. ಆದರೆ ವರ್ಷಗಟ್ಟಲೆ ಆರೋಗ್ಯ ಜಾಗೃತಿ ಮಾಡಿ ವೆಚ್ಚ ಇಳಿಸಿಕೊಂಡ ಊರಿನಲ್ಲೂ ಪ್ರೀಮಿಯಂ ಏರಬಹುದು. ಹತ್ತಿರದಲ್ಲಿ ಆಸ್ಪತ್ರೆಯೇ ಇಲ್ಲದ್ದರಿಂದ ವೆಚ್ಚ ಕಡಿಮೆಯಿದ್ದ ಹಳ್ಳಿಯವರೂ ನಗರದಷ್ಟೇ ಕಟ್ಟಬೇಕಾಗುತ್ತದೆ. ಊರು ತಾನೇ ರೂಪಿಸಿಕೊಂಡಿದ್ದ ರಿಯಾಯಿತಿಗಳಿಗೂ ಜಾಗ ಉಳಿಯುವುದಿಲ್ಲ.

ಪ್ರೀಮಿಯಂ ನಿಗದಿಯಲ್ಲಿ ಸ್ಥಳೀಯ ಮಂಡಳಿಯ ಅಧಿಕಾರ ಎಷ್ಟು ಎಂಬ ಪ್ರಶ್ನೆ ಸುಪ್ರೀಂ ಕೋರ್ಟ್ ಮೆಟ್ಟಿಲನ್ನೂ ಏರಿತ್ತು. ಅಸಾಹಿಕವ ನಗರದ ಪ್ರಕರಣದಲ್ಲಿ 2006ರ ಮಾರ್ಚ್ 1ರಂದು ತೀರ್ಪು ನೀಡಿದ ಪೂರ್ಣಪೀಠ, ಕೊಕುಹೊ ಪ್ರೀಮಿಯಂ ತೆರಿಗೆಯಲ್ಲದಿದ್ದರೂ ಕಡ್ಡಾಯ ವಸೂಲಿಯಾದ್ದರಿಂದ, ಕಾನೂನಿನ ಬಲವಿಲ್ಲದೆ ತೆರಿಗೆ ಇಲ್ಲ ಎಂಬ ಸಂವಿಧಾನದ 84ನೇ ವಿಧಿಯ ಆಶಯ ಅದಕ್ಕೂ ಅನ್ವಯಿಸುತ್ತದೆ ಎಂದಿತು. ನಗರದ ಕ್ರಮವನ್ನು ಎತ್ತಿಹಿಡಿಯಿತು.

ಮಕ್ಕಳ ವಿಷಯದಲ್ಲಿ ಗೆದ್ದ ಊರುಗಳು

ಸ್ಥಳೀಯ ಆಡಳಿತಗಳ ಹೋರಾಟ ಫಲ ಕೊಟ್ಟ ಉದಾಹರಣೆಗಳೂ ಇವೆ. ಅದರಲ್ಲಿ ಮುಖ್ಯವಾದದ್ದು ಮಕ್ಕಳ ಚಿಕಿತ್ಸೆ.

ಮಕ್ಕಳು ಆಸ್ಪತ್ರೆಯಲ್ಲಿ ಕಟ್ಟಬೇಕಾದ ಪಾಲನ್ನು ತಾವೇ ಭರಿಸುವ ಯೋಜನೆಯನ್ನು ಜಪಾನ್‌ನ ಊರುಗಳು ಒಂದೊಂದಾಗಿ ಜಾರಿಗೆ ತಂದವು. ಆದರೆ ಹೀಗೆ ಮಾಡಿದ ಊರಿಗೆ ಕೊಕುಹೊದಲ್ಲಿ ಬರುವ ಕೇಂದ್ರದ ಪಾಲು ಕಡಿತವಾಗುತ್ತಿತ್ತು. ಕೈಯಿಂದ ಹಣ ಕಟ್ಟಬೇಕಿಲ್ಲವಾದರೆ ಜನ ಅನಗತ್ಯವಾಗಿ ಆಸ್ಪತ್ರೆಗೆ ಹೋಗುತ್ತಾರೆ, ಆ ಹೆಚ್ಚುವರಿ ವೆಚ್ಚ ಕೇಂದ್ರ ಕೊಡುವುದಿಲ್ಲ ಎಂಬುದು ಕಾರಣ. ಮಕ್ಕಳ ಸಂಖ್ಯೆ ಕುಸಿಯುತ್ತಿದೆ ಎಂದು ಕೇಂದ್ರವೇ ಚಿಂತಿಸುತ್ತಿರುವಾಗ ಮಕ್ಕಳಿಗೆ ನೆರವಾದ ಊರಿಗೆ ದಂಡವೇ ಎಂದು ಗವರ್ನರ್‌ಗಳು, ಮೇಯರ್‌ಗಳು ವರ್ಷಗಳ ಕಾಲ ಕೇಳುತ್ತಲೇ ಬಂದರು.

2018ರಿಂದ ಶಾಲೆಗೆ ಸೇರದ ಮಕ್ಕಳ ಮಟ್ಟಿಗೆ ಈ ಕಡಿತ ರದ್ದಾಯಿತು. 2024ರಿಂದ 18 ವರ್ಷದವರೆಗಿನ ಎಲ್ಲರಿಗೂ ರದ್ದಾಯಿತು.

ಇನ್ನೊಂದು ಗೆಲುವು ಪ್ರೀಮಿಯಂನದು. ಕಂಪನಿ ವಿಮೆಯಲ್ಲಿ ಮನೆಗೆ ಇನ್ನೊಂದು ಮಗು ಬಂದರೆ ಪ್ರೀಮಿಯಂ ಏರುವುದಿಲ್ಲ. ಕೊಕುಹೊದಲ್ಲಿ ತಲೆ ಎಣಿಸಿ ಹಾಕುವ ಒಂದು ಭಾಗವಿದೆ. ಎದೆಹಾಲು ಕುಡಿಯುವ ಮಗುವಿಗೂ ಅದು ಬೀಳುತ್ತದೆ. 2021ರ ತಿದ್ದುಪಡಿಯಂತೆ 2022ರ ಏಪ್ರಿಲ್‌ನಿಂದ ಶಾಲೆಗೆ ಸೇರದ ಮಕ್ಕಳ ಈ ಪಾಲನ್ನು ಅರ್ಧಕ್ಕೆ ಇಳಿಸಲಾಯಿತು. ಇಳಿಸಿದ ಮೊತ್ತದಲ್ಲಿ ಅರ್ಧ ಕೇಂದ್ರ, ಕಾಲು ಭಾಗ ಪ್ರಾಂತ, ಕಾಲು ಭಾಗ ಊರು ಭರಿಸುತ್ತವೆ. ಇದನ್ನು ಇನ್ನೂ ದೊಡ್ಡ ಮಕ್ಕಳಿಗೂ ವಿಸ್ತರಿಸಬೇಕು ಎಂಬುದು ಸ್ಥಳೀಯ ಆಡಳಿತಗಳ ಬೇಡಿಕೆ.

ಕಾರ್ಡ್ ರದ್ದು: ಕೌಂಟರ್‌ನಲ್ಲಿ ಗೊಂದಲ

2024ರ ಡಿಸೆಂಬರ್ 2ರಿಂದ ಜಪಾನ್‌ನಲ್ಲಿ ಹೊಸ ಆರೋಗ್ಯ ವಿಮೆ ಕಾರ್ಡ್ ವಿತರಣೆ ನಿಂತಿದೆ. ಗುರುತಿನ ಚೀಟಿಯಾದ 'ಮೈ ನಂಬರ್' ಕಾರ್ಡನ್ನೇ ಆಸ್ಪತ್ರೆಯಲ್ಲಿ ವಿಮೆ ಕಾರ್ಡ್ ಆಗಿ ಬಳಸಬೇಕು. ಅದನ್ನು ಜೋಡಿಸಿಕೊಳ್ಳದವರಿಗೆ ಅರ್ಹತಾ ದೃಢೀಕರಣ ಪತ್ರ ಕೊಡಲಾಗುತ್ತದೆ.

ಕಂಪನಿ ವಿಮೆಯಲ್ಲಿ ಈ ಕೆಲಸ ಕಂಪನಿಯ ಮೂಲಕ ನಡೆಯುತ್ತದೆ. ಕೊಕುಹೊದಲ್ಲಿ ಯಾರು ಜೋಡಿಸಿದ್ದಾರೆ, ಯಾರು ಜೋಡಿಸಿಲ್ಲ, ಯಾರ ಕಾರ್ಡ್‌ನ ಅವಧಿ ಮುಗಿದಿದೆ ಎಂದು ಪತ್ತೆ ಹಚ್ಚಬೇಕಾದದ್ದು ಊರಿನ ಕಚೇರಿ. ವಯಸ್ಸಾದ ಸದಸ್ಯರೇ ಹೆಚ್ಚಿರುವುದರಿಂದ ವಿಚಾರಣೆಗಳೂ ಹೆಚ್ಚು. ಟೋಕಿಯೊದ ಸೆತಗಯ ಮತ್ತು ಶಿಬುಯ ವಾರ್ಡ್‌ಗಳು 2025ರಲ್ಲಿ ಬೇರೆಯೇ ದಾರಿ ಹಿಡಿದವು. ಮೈ ನಂಬರ್ ಕಾರ್ಡ್ ಇರಲಿ, ಇಲ್ಲದಿರಲಿ, ತಮ್ಮ ಎಲ್ಲ ಕೊಕುಹೊ ಸದಸ್ಯರಿಗೂ ದೃಢೀಕರಣ ಪತ್ರ ಕಳುಹಿಸಲು ನಿರ್ಧರಿಸಿದವು. ಎಲ್ಲರಿಗೂ ಒಟ್ಟಿಗೆ ಕಳುಹಿಸುವ ಅಗತ್ಯವಿಲ್ಲ ಎಂಬುದು ಕೇಂದ್ರದ ನಿಲುವಾಗಿತ್ತು.

ಮುಂದೇನು?

ಕೊಕುಹೊದ ಸದಸ್ಯರ ಸಂಖ್ಯೆ ವೇಗವಾಗಿ ಇಳಿಯುತ್ತಿದೆ. ಯುದ್ಧದ ನಂತರ, 1947ರಿಂದ 1949ರ ನಡುವೆ ಹುಟ್ಟಿದ ದೊಡ್ಡ ಪೀಳಿಗೆ 75 ದಾಟಿ ಬೇರೆ ವ್ಯವಸ್ಥೆಗೆ ಹೋಗಿದೆ. ಇನ್ನೊಂದೆಡೆ ಅರೆಕಾಲಿಕ ನೌಕರರನ್ನು ಕಂಪನಿ ವಿಮೆಗೆ ಸೇರಿಸುವ ನಿಯಮ ಹಂತ ಹಂತವಾಗಿ ವಿಸ್ತರಿಸುತ್ತಿದೆ. 2016ರಲ್ಲಿ 500ಕ್ಕಿಂತ ಹೆಚ್ಚು ನೌಕರರಿದ್ದ ಕಂಪನಿಗಳಿಗೆ ಅನ್ವಯಿಸಿದ ನಿಯಮ 2022ರಲ್ಲಿ 100ಕ್ಕಿಂತ ಹೆಚ್ಚು, 2024ರಲ್ಲಿ 50ಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗಳಿಗೂ ಬಂತು. 2025ರಲ್ಲಿ ಅಂಗೀಕಾರವಾದ ಕಾನೂನು ಈ ಮಿತಿಯನ್ನೇ ಕ್ರಮೇಣ ತೆಗೆದುಹಾಕಲಿದೆ.

ನೌಕರರಿಗೆ ಇದು ಒಳ್ಳೆಯ ಸುದ್ದಿ. ಆದರೆ ದುಡಿಯುವ, ತುಲನಾತ್ಮಕವಾಗಿ ಆರೋಗ್ಯವಾಗಿರುವ ಸದಸ್ಯರು ಹೋದ ಮೇಲೆ ಕೊಕುಹೊದಲ್ಲಿ ಉಳಿಯುವವರು ಯಾರು ಎಂಬುದು ಊರುಗಳ ಪ್ರಶ್ನೆ. ಇದರ ಜತೆಗೆ ಮಕ್ಕಳ ಪಾಲನೆ ಯೋಜನೆಗಳಿಗಾಗಿ 2024ರ ಕಾನೂನಿನಂತೆ 2026ರ ಏಪ್ರಿಲ್‌ನಿಂದ ಎಲ್ಲ ಆರೋಗ್ಯ ವಿಮೆಗಳ ಪ್ರೀಮಿಯಂ ಜತೆ ಹೊಸ ವಂತಿಗೆ ಸೇರುತ್ತದೆ. ಚಿಕಿತ್ಸೆಗೆ ಸಂಬಂಧವಿಲ್ಲದ ಹಣವನ್ನು ಆರೋಗ್ಯ ವಿಮೆಯ ಹೆಸರಿನಲ್ಲಿ ಏಕೆ ಕಟ್ಟಬೇಕು ಎಂದು ಕೇಳುವ ಸದಸ್ಯರಿಗೆ ಉತ್ತರಿಸಬೇಕಾದವರು ಮತ್ತೆ ಅದೇ ಕೌಂಟರ್‌ನ ಸಿಬ್ಬಂದಿ.

ಸ್ಥಳೀಯ ಆಡಳಿತಗಳ ಮಾತಿಗೆ ಬಲ ಎಲ್ಲಿಂದ?

ಜಪಾನ್‌ನ ಊರುಗಳು ಕೇಂದ್ರಕ್ಕೆ ತಮ್ಮ ಅಭಿಪ್ರಾಯ ತಿಳಿಸಲು ಕಾನೂನಿನಲ್ಲೇ ದಾರಿಗಳಿವೆ. ಸ್ಥಳೀಯ ಸ್ವಾಯತ್ತತಾ ಕಾಯ್ದೆಯ 99ನೇ ವಿಧಿಯಂತೆ ಯಾವುದೇ ಸ್ಥಳೀಯ ಮಂಡಳಿ ನಿರ್ಣಯ ಮಾಡಿ ಸಂಸತ್ತಿಗೆ ಅಥವಾ ಸಚಿವಾಲಯಕ್ಕೆ ಅಭಿಪ್ರಾಯ ಪತ್ರ ಕಳುಹಿಸಬಹುದು. ಗವರ್ನರ್‌ಗಳು, ಮೇಯರ್‌ಗಳು, ಪಟ್ಟಣ-ಗ್ರಾಮ ಮುಖ್ಯಸ್ಥರು ಮತ್ತು ಅವರ ಮಂಡಳಿಗಳ ಅಧ್ಯಕ್ಷರದ್ದು ಸೇರಿ ಆರು ರಾಷ್ಟ್ರೀಯ ಸಂಘಗಳಿವೆ. ಸ್ಥಳೀಯ ಆಡಳಿತದ ಮೇಲೆ ಪರಿಣಾಮ ಬೀರುವ ನೀತಿಗಳ ಬಗ್ಗೆ ಕೇಂದ್ರ ಮತ್ತು ಈ ಸಂಘಗಳು ಒಟ್ಟಿಗೆ ಕುಳಿತು ಮಾತನಾಡುವ ವೇದಿಕೆಗೆ 2011ರಿಂದ ಕಾನೂನಿನ ಮಾನ್ಯತೆ ಇದೆ.

ಈ ದಾರಿಗಳಿಂದ ಎಲ್ಲವೂ ಸಿಕ್ಕಿಲ್ಲ. 1 ಲಕ್ಷ ಕೋಟಿ ಕೇಳಿದಾಗ 34,000 ಕೋಟಿ ಬಂತು. ಮಕ್ಕಳ ಚಿಕಿತ್ಸೆಗೆ ಬೀಳುತ್ತಿದ್ದ ಕಡಿತ ಪೂರ್ತಿ ಹೋಗಲು 2024ರವರೆಗೆ ಕಾಯಬೇಕಾಯಿತು. ಪ್ರೀಮಿಯಂ ಹೊರೆಯ ಅಂತರ ಇನ್ನೂ ಉಳಿದಿದೆ. ಕೇಂದ್ರದ ಪಾಲು ಹೆಚ್ಚಿಸಿ ಎಂಬ ಬೇಡಿಕೆಯನ್ನು ಗವರ್ನರ್‌ಗಳು, ಮೇಯರ್‌ಗಳು ಈಗಲೂ ಕೈಬಿಟ್ಟಿಲ್ಲ. ಎಲ್ಲ ವಿಮೆಗಳನ್ನೂ ಒಂದುಗೂಡಿಸಬೇಕು ಎಂಬ ಹಳೆಯ ಬೇಡಿಕೆಯೂ ಅವರ ಪಟ್ಟಿಯಲ್ಲಿ ಹಾಗೇ ಇದೆ.